ಘಟ್ಟ ಹತ್ತುವಾಗ ಮಾತ್ರ ಮಿಸ್ಸಿಂಗ್: ಟರ್ಬೊ ಎಂಜಿನ್ನಿನ ಕಾಯಿಲ್ ಅರ್ಥ್ ಬಗ್ಗೆ ಸಹಾಯ ಬೇಕು

ಶಿರಾಡಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೆಯ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರಿದೆ. ನಾಲ್ಕು ಸಿಲಿಂಡರ್, 20 ವಾಲ್ವ್, ಪ್ರತಿ ಪ್ಲಗ್ ಮೇಲೂ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಹಿಂದಿನ ಮಾಲೀಕರು ರೀಮ್ಯಾಪ್ ಮಾಡಿಸಿದ್ದಾರೆ, ಅಂದರೆ ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿದ್ದಾರೆ. ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಸುಮಾರು 1 ಬಾರ್ ತನಕ ಹೋಗುತ್ತದೆ.

ನನ್ನ ಕೆಲಸ ಹಾಸನದಲ್ಲಿ, ಮನೆ ಪುತ್ತೂರಿನಲ್ಲಿ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಹತ್ತುತ್ತೇನೆ. ಬಯಲಿನಲ್ಲಿ 100ರಲ್ಲಿ ಹೋದರೂ ಕಾರು ಬೆಣ್ಣೆಯ ಹಾಗೆ ಓಡುತ್ತದೆ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಕಷ್ಟ. ಮೂರನೇ ಗೇರು, 2500ರಿಂದ 3000 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಟರ್ಬೊ ಎಳೆಯಲು ಶುರು ಮಾಡುವ ಹೊತ್ತಿಗೇ ಜರ್ಕ್ ಹೊಡೆಯುತ್ತದೆ. ಕಾಲು ಸ್ವಲ್ಪ ಎತ್ತಿದರೆ ಸರಿಯಾಗುತ್ತದೆ. ಹಿಂದೆ ಲಾರಿ ಇದ್ದಾಗ ಹೀಗಾದರೆ ನಿಜಕ್ಕೂ ಭಯವಾಗುತ್ತದೆ. ಕಾರಿನಲ್ಲಿ ಅಮ್ಮನೂ ಇರುತ್ತಾರೆ.

ಸ್ಕ್ಯಾನರ್ ಹಾಕಿದರೆ ಪಿ0300, ಪಿ0302, ಪಿ0303 ಕೋಡ್ ಬರುತ್ತವೆ. ಅಂದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು), ಅದರಲ್ಲೂ 2 ಮತ್ತು 3ನೇ ಸಿಲಿಂಡರ್‌ನಲ್ಲಿ. ನಾಲ್ಕೂ ಪ್ಲಗ್ ಹೊಸದು. ನಾಲ್ಕೂ ಕಾಯಿಲ್ ಹೊಸದು. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಬದಲಿಸಿದ್ದಾಯಿತು. ಈಗ ಒಬ್ಬ ಸ್ನೇಹಿತರು "ಕಾಯಿಲ್‌ಗೆ ಬೇರೆ ಅರ್ಥ್ ವೈರ್ ಎಳೆದುಬಿಡು" ಎನ್ನುತ್ತಿದ್ದಾರೆ. ಅರ್ಥ್ ಎಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ. ಅದಕ್ಕೆ ಇನ್ನೊಂದು ವೈರ್ ಹಾಕಿದರೆ ನಿಜವಾಗಿ ಉಪಯೋಗ ಇದೆಯಾ? ಮಲ್ಟಿಮೀಟರ್ ಬೀಪ್ ಮೋಡಿನಲ್ಲಿಟ್ಟು ನೋಡಿದೆ. ಕಾಯಿಲ್‌ನ ಅರ್ಥ್ ಪಿನ್ನಿಂದ ಬಾಡಿಗೆ ಬೀಪ್ ಚೆನ್ನಾಗಿ ಬರುತ್ತಿದೆ.

ಹಳೇಬೀಡು ಹುಡುಗ

ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಎಷ್ಟು ಇಟ್ಟಿದ್ದೀರಿ ಅಣ್ಣ?

ಶಿರಾಡಿ ಸವಾರ

ಡಬ್ಬಿಯಿಂದ ತೆಗೆದ ಹಾಗೇ ಹಾಕಿದ್ದೇನೆ. ಅಳೆದಿಲ್ಲ.

ಕುಡ್ಲ ವೈರಿಂಗ್

ಗ್ಯಾಪ್ ಆಮೇಲೆ ನೋಡುವ. ಮೊದಲು ಒಂದು ವಿಷಯ ಹೇಳಿ ಮಾರಾಯ್ರೇ. ಈ ತೊಂದರೆ ಕಾರು ತಂದ ದಿನದಿಂದ ಇದೆಯಾ, ಅಥವಾ ಯಾವುದೋ ಕೆಲಸ ಮಾಡಿಸಿದ ಮೇಲೆ ಶುರುವಾಯಿತಾ? ನಾನು ಮಂಗಳೂರಿನಲ್ಲಿ 20 ವರ್ಷದಿಂದ ಕಾರು ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಹೊಸ ಕಾಯಿಲ್ ಹಾಕಿಯೂ ಮಿಸ್ಸಿಂಗ್ ಹೋಗದ ಗಾಡಿಗಳಲ್ಲಿ ಅರ್ಥ್ ಕೆಟ್ಟದ್ದನ್ನು ತುಂಬ ಸಲ ನೋಡಿದ್ದೇನೆ. ಉಪ್ಪುಗಾಳಿಯ ಊರು ನಮ್ಮದು.

ಶಿರಾಡಿ ಸವಾರ

ಒಳ್ಳೆಯ ಪ್ರಶ್ನೆ ಸರ್. ಮೊದಲ ವರ್ಷ ಏನೂ ಇರಲಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಲೀಕ್ ಇತ್ತು. ಗ್ಯಾಸ್ಕೆಟ್ ಬದಲಿಸುವಾಗ ಕವರ್ ಹಳತಾಗಿ ಕಾಣುತ್ತಿದೆ ಎಂದು ಪೌಡರ್ ಕೋಟಿಂಗ್ ಕೂಡ ಮಾಡಿಸಿದೆ. ಈಗ ಯೋಚಿಸಿದರೆ, ಜರ್ಕ್ ಶುರುವಾದದ್ದು ಅದಾದ ಒಂದು ತಿಂಗಳೊಳಗೆ.

ಕುಡ್ಲ ವೈರಿಂಗ್

ಅಲ್ಲಿಯೇ ಇದೆ ನಿಮ್ಮ ಉತ್ತರ ಎಂದು ನನ್ನ ಅಂದಾಜು. ಕಾಯಿಲ್ ವೈರಿಂಗ್‌ನ ಕಂದು ಬಣ್ಣದ ಅರ್ಥ್ ವೈರ್ ಎಲ್ಲಿಗೆ ಬೋಲ್ಟ್ ಆಗಿದೆ, ಒಂದು ಫೋಟೋ ಹಾಕಿ. ವಾಲ್ವ್ ಕವರ್ ಮೇಲೆಯೇ ಇದ್ದರೆ, ಲಗ್ (ಬೋಲ್ಟ್‌ಗೆ ಕೂರುವ, ವೈರಿನ ತುದಿಯ ಲೋಹದ ಬಳೆ) ಕೆಳಗೆ ಪೌಡರ್ ಕೋಟಿಂಗ್ ಇದೆ ಎಂದರ್ಥ. ಪೌಡರ್ ಕೋಟಿಂಗ್ ಎಂದರೆ ಪ್ಲಾಸ್ಟಿಕ್ ಪದರ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆಮೇಲೆ ಕರೆಂಟ್‌ಗೆ ಉಳಿಯುವ ದಾರಿ ಬೋಲ್ಟ್‌ನ ಥ್ರೆಡ್ ಮಾತ್ರ.

ಪಾಲಿಟೆಕ್ನಿಕ್ ಮೇಷ್ಟ್ರು

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ. ದಾವಣಗೆರೆಯಲ್ಲಿ ಆಟೋಮೊಬೈಲ್ ವಿಭಾಗದ ಹುಡುಗರಿಗೆ ಇದೇ ಪಾಠ ಪ್ರತಿ ವರ್ಷ ಮಾಡುತ್ತೇನೆ. ಪ್ರತಿ ವರ್ಷವೂ ಹುಡುಗರು ಬೀಪ್ ನಂಬಿ ಎಡವುತ್ತಾರೆ.

ಬೀಪ್ ಯಾಕೆ ಸಾಲದು? ಬಹಳಷ್ಟು ಮೀಟರ್‌ಗಳು 30–40 ಓಮ್ ಇದ್ದರೂ ಬೀಪ್ ಮಾಡುತ್ತವೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಓಮ್ ಮೋಡ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯ ಮೀಟರ್‌ನ ಎರಡು ಪ್ರೋಬ್ ತಾಗಿಸಿದರೇ 0.2 ಓಮ್ ತೋರಿಸುತ್ತದೆ. ನಾವು ಹುಡುಕುತ್ತಿರುವುದು ಅದಕ್ಕಿಂತ ಚಿಕ್ಕ ತೊಂದರೆ.

ಈಗ ಲೆಕ್ಕ. ನಿಮ್ಮಂಥ ಕಾಯಿಲ್‌ನಲ್ಲಿ ಪ್ರೈಮರಿ ಸುತ್ತಿಗೆ (ಬ್ಯಾಟರಿ ಕಡೆಯ ಸುತ್ತು) ಸುಮಾರು 3 ಮಿಲಿಸೆಕೆಂಡ್ ಕರೆಂಟ್ ಕೊಡುತ್ತಾರೆ. ಅದು ಸೊನ್ನೆಯಿಂದ ಏರುತ್ತಾ 8 ಆಂಪಿಯರ್ ಹತ್ತಿರ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ಆಗ ಥಟ್ಟನೆ ಕಟ್ ಮಾಡುತ್ತಾರೆ, ಕಿಡಿ ಹಾರುತ್ತದೆ. ಅರ್ಥ್ ದಾರಿಯಲ್ಲಿ ಬರೀ 0.1 ಓಮ್ ಜಾಸ್ತಿ ಇದ್ದರೆ, 8 ಆಂಪಿಯರ್ ಹೊತ್ತಿಗೆ ಅಲ್ಲೇ 0.8 ವೋಲ್ಟ್ ಹೋಯಿತು. ಆದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬ್ಯಾಟರಿ ವೋಲ್ಟೇಜ್ ನೋಡಿ ಸಮಯ ಲೆಕ್ಕ ಹಾಕಿರುತ್ತದೆ. ಅದಕ್ಕೆ ಈ ನಷ್ಟ ಗೊತ್ತೇ ಆಗುವುದಿಲ್ಲ. ಅಷ್ಟೇ ಸಮಯ ಕೊಡುತ್ತದೆ. ಕಾಯಿಲ್ ಪೂರ್ತಿ ತುಂಬುವುದಿಲ್ಲ.

ಕಾಯಿಲ್‌ನಲ್ಲಿ ಸೇರುವ ಶಕ್ತಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟ್ 10% ಕಡಿಮೆಯಾದರೆ ಶಕ್ತಿ 19% ಕಡಿಮೆ. ಇದು ಚಿಕ್ಕ ವಿಷಯ ಅಲ್ಲ.

ಹಾಗಾದರೆ ಬಯಲಿನಲ್ಲಿ ಯಾಕೆ ತೊಂದರೆ ಇಲ್ಲ? 1889ರಲ್ಲಿ ಜರ್ಮನಿಯ ಫ್ರೆಡ್ರಿಕ್ ಪಾಶೆನ್ ಕಂಡುಕೊಂಡ ನಿಯಮ ಇದೆ. ಎರಡು ತುದಿಗಳ ಮಧ್ಯೆ ಕಿಡಿ ಹಾರಲು ಬೇಕಾದ ವೋಲ್ಟೇಜ್, ಗಾಳಿಯ ಒತ್ತಡ ಮತ್ತು ಗ್ಯಾಪ್ ಎರಡನ್ನೂ ಅವಲಂಬಿಸಿರುತ್ತದೆ. ಎಂಜಿನ್ನಿನ ಪರಿಸ್ಥಿತಿಯಲ್ಲಿ ಒತ್ತಡ ಏರಿದಷ್ಟೂ ಜಾಸ್ತಿ ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ 10 ಸಾವಿರ ವೋಲ್ಟ್ ಆಸುಪಾಸು ಸಾಕಾಗುತ್ತದೆ. 1 ಬಾರ್ ಬೂಸ್ಟ್ ಎಂದರೆ ಒಳಗೆ ಹೋಗುವ ಗಾಳಿಯ ಒತ್ತಡ ಹೊರಗಿನದಕ್ಕಿಂತ ದುಪ್ಪಟ್ಟು. ಆಗ ಬೇಡಿಕೆ 20 ಸಾವಿರ ದಾಟಬಹುದು. ಸೊರಗಿದ ಕಾಯಿಲ್ ಬಯಲಿನಲ್ಲಿ ಹೇಗೋ ನಿಭಾಯಿಸುತ್ತದೆ. ಘಟ್ಟದಲ್ಲಿ ಕೈಬಿಡುತ್ತದೆ. ನಿಮ್ಮ ಕಾರು ಇದನ್ನೇ ಹೇಳುತ್ತಿದೆ.

ಡೆಟ್ರಾಯಿಟ್‌ನಿಂದ

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ಕೆಲವು ವರ್ಷಗಳಲ್ಲಿ ಹಸಿರು ಪುಡಿಯಾಗಿಬಿಡುತ್ತದೆ. ಕೈಯಲ್ಲಿ ಹಿಡಿದರೆ ಉದುರುತ್ತದೆ.

ಇನ್ನೊಂದು ಮಾತು. 2003ರಲ್ಲಿ ಇಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಔಡಿಯ ಲಕ್ಷಗಟ್ಟಲೆ ಕಾರುಗಳಿಗೆ ಇಗ್ನಿಷನ್ ಕಾಯಿಲ್ ಬದಲಿಸಿಕೊಟ್ಟರು. ಅದರಲ್ಲಿ 1.8 ಟರ್ಬೊ ಕೂಡ ಇತ್ತು. ಅಂದಿನಿಂದ ಈ ಎಂಜಿನ್ ಮಿಸ್ ಹೊಡೆದರೆ ಎಲ್ಲರೂ ಮೊದಲು ಕಾಯಿಲ್ ಕಡೆಗೇ ಬೆರಳು ತೋರಿಸುತ್ತಾರೆ. ಆಗ ಅದು ಸರಿಯೇ ಇತ್ತು. ಇವತ್ತು 20 ವರ್ಷದ ಕಾರಿನಲ್ಲಿ ವೈರಿಂಗ್‌ಗೂ ಅಷ್ಟೇ ವಯಸ್ಸಾಗಿದೆ ಅಲ್ವಾ?

ಶಿರಾಡಿ ಸವಾರ

ಫೋಟೋ ಹಾಕಿದ್ದೇನೆ. ಅರ್ಥ್ ಲಗ್ ವಾಲ್ವ್ ಕವರ್ ಮೇಲೆಯೇ ಇದೆ. ಸುತ್ತ ಕಪ್ಪು ಕೋಟಿಂಗ್ ಹೊಳೆಯುತ್ತಿದೆ.

ಮೇಷ್ಟ್ರೇ, ಎಂಜಿನ್ ಆನ್ ಮಾಡಿ, ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು, ಲಗ್‌ಗೂ ಬ್ಯಾಟರಿ ಮೈನಸ್‌ಗೂ ಮಧ್ಯೆ ಅಳೆದೆ. 3000 ಆರ್‌ಪಿಎಂನಲ್ಲಿ 0.15 ವೋಲ್ಟ್ ಬಂತು. 0.1 ತನಕ ಪರವಾಗಿಲ್ಲ ಎಂದು ಓದಿದ್ದೆ. ಸ್ವಲ್ಪ ತಾನೇ ಜಾಸ್ತಿ?

ಪಾಲಿಟೆಕ್ನಿಕ್ ಮೇಷ್ಟ್ರು

ಅಲ್ಲೇ ಮೋಸ ಹೋಗುವುದು. ಮೀಟರ್ ತೋರಿಸುವುದು ಸರಾಸರಿ.

3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್‌ಗೆ ಸೆಕೆಂಡಿಗೆ 25 ಕಿಡಿ. ಅಂದರೆ 40 ಮಿಲಿಸೆಕೆಂಡ್‌ಗೆ ಒಂದು. ಅದರಲ್ಲಿ ಕಾಯಿಲ್ ತುಂಬುವುದು 3 ಮಿಲಿಸೆಕೆಂಡ್. ನಾಲ್ಕು ಕಾಯಿಲ್ ಸೇರಿದರೆ 40ರಲ್ಲಿ 12. ಆ ಹೊತ್ತಿನಲ್ಲೂ ಕರೆಂಟ್ ಸೊನ್ನೆಯಿಂದ 8ಕ್ಕೆ ಏರುತ್ತಿರುತ್ತದೆ, ಸರಾಸರಿ 4 ಆಂಪಿಯರ್. ಒಟ್ಟು ಸರಾಸರಿ 1.2 ಆಂಪಿಯರ್ ಮಾತ್ರ.

ನಿಮ್ಮ 0.15 ವೋಲ್ಟನ್ನು 1.2ರಿಂದ ಭಾಗಿಸಿ. 0.125 ಓಮ್. ಈಗ 8 ಆಂಪಿಯರ್ ಜೊತೆ ಗುಣಿಸಿ. ಕಿಡಿ ಹಾರುವ ಕ್ಷಣದಲ್ಲಿ 1 ವೋಲ್ಟ್ ನಷ್ಟ! ಮೀಟರ್ ನೋಡಿದರೆ 0.15, ಕಾಯಿಲ್ ಅನುಭವಿಸುವುದು 1 ವೋಲ್ಟ್.

ಆಸಿಲೋಸ್ಕೋಪ್ ಇದ್ದರೆ ಈ ಏರು ಇಳಿತ ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಬಲ್ಬ್ ಪರೀಕ್ಷೆ ಮಾಡಿ. ಕುಡ್ಲದವರು ಚೆನ್ನಾಗಿ ಹೇಳಬಲ್ಲರು.

ಕುಡ್ಲ ವೈರಿಂಗ್

ಹೇಳುತ್ತೇನೆ. ಹಳೆಯ ಹೆಡ್‌ಲೈಟ್ ಬಲ್ಬ್ ಸಾಕು, 12 ವೋಲ್ಟ್ 55 ವ್ಯಾಟ್. ಅದು ಸುಮಾರು 4.6 ಆಂಪಿಯರ್ ಎಳೆಯುತ್ತದೆ.

ಕೀ ಆಫ್ ಮಾಡಿ. ಕಾಯಿಲ್ ಕನೆಕ್ಟರ್ ಬಿಚ್ಚಿ. ಬಲ್ಬ್‌ನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಮಧ್ಯೆ 10 ಆಂಪಿಯರ್ ಫ್ಯೂಸ್ ಇರಲಿ. ಇನ್ನೊಂದು ತುದಿ ವೈರಿಂಗ್ ಕಡೆಯ ಅರ್ಥ್ ಪಿನ್‌ಗೆ. ಬಲ್ಬ್ ಉರಿಯುತ್ತಿರುವಾಗಲೇ ಆ ಪಿನ್‌ಗೂ ಬ್ಯಾಟರಿ ಮೈನಸ್‌ಗೂ ಮಧ್ಯೆ ವೋಲ್ಟ್ ಅಳೆಯಿರಿ. 0.05 ಬಂದರೆ ಚೆನ್ನಾಗಿದೆ. 0.1 ದಾಟಿದರೆ ಹುಡುಕಬೇಕು. ಬಲ್ಬ್ ಚೆನ್ನಾಗಿ ಉರಿಯುತ್ತಿದೆ ಎಂದು ಕಣ್ಣಿನ ಅಂದಾಜು ಮಾಡಬೇಡಿ. ಅರ್ಧ ವೋಲ್ಟ್ ನಷ್ಟ ಕಣ್ಣಿಗೆ ಗೊತ್ತಾಗುವುದಿಲ್ಲ.

ಬಹಳ ಮುಖ್ಯ: ನಿಮ್ಮದು ನಾಲ್ಕು ಪಿನ್ ಕಾಯಿಲ್. ಒಂದು 12 ವೋಲ್ಟ್, ಒಂದು ಇಸಿಯುನಿಂದ ಬರುವ ಸಿಗ್ನಲ್, ಎರಡು ಅರ್ಥ್. ಬಲ್ಬ್ ವೈರನ್ನು ತಪ್ಪಿ ಸಿಗ್ನಲ್ ಪಿನ್‌ಗೆ ಮುಟ್ಟಿಸಿದರೆ ಇಸಿಯು ಸುಟ್ಟುಹೋಗಬಹುದು. ನಿಮ್ಮ ಎಂಜಿನ್ ಕೋಡಿನ ವೈರಿಂಗ್ ಡಯಾಗ್ರಾಮ್ ಎದುರಿಗೆ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಿನ್ ಒಳಗೆ ದಪ್ಪ ಪ್ರೋಬ್ ತುರುಕಬೇಡಿ, ಪಿನ್ ಅಗಲವಾದರೆ ಅದೇ ಹೊಸ ಲೂಸ್ ಕನೆಕ್ಷನ್ ಆಗುತ್ತದೆ.

ಚಾಮುಂಡಿ ಬೆಟ್ಟದ ದಾರಿ

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಒಂದೇ ಕಾಯಿಲ್‌ಗೆ ಎರಡು ಅರ್ಥ್ ಯಾಕೆ ಸರ್? ನನ್ನದು 1.0 ಲೀಟರ್ ಮೂರು ಸಿಲಿಂಡರ್ ಟರ್ಬೊ, ಹೊಸ ಕಾರು. ಆನ್‌ಲೈನ್‌ನಲ್ಲಿ ಬಣ್ಣ ಬಣ್ಣದ ಐದು ವೈರ್ ಇರುವ ಗ್ರೌಂಡಿಂಗ್ ಕಿಟ್ ನೋಡಿದೆ. ಪಿಕಪ್ ಜಾಸ್ತಿಯಾಗುತ್ತದೆ ಎಂದು ಬರೆದಿದ್ದಾರೆ. ಹಾಕಿಸಲಾ?

ಪಾಲಿಟೆಕ್ನಿಕ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮೇಡಂ, ಕ್ಷಮೆ ಯಾಕೆ.

ಕಾಯಿಲ್ ಒಳಗೆ ಎರಡು ಕೆಲಸ ನಡೆಯುತ್ತವೆ. ಒಂದು, ಬ್ಯಾಟರಿಯ ಕರೆಂಟ್ ಪ್ರೈಮರಿ ಸುತ್ತಿನಲ್ಲಿ ಹರಿದು, ಒಳಗಿನ ಟ್ರಾನ್ಸಿಸ್ಟರ್ ದಾಟಿ ಮೈನಸ್‌ಗೆ ಮರಳಬೇಕು. ಇನ್ನೊಂದು, ಕಿಡಿಯ ಕರೆಂಟ್. ಅದು ಪ್ಲಗ್‌ನಿಂದ ಸಿಲಿಂಡರ್ ಹೆಡ್‌ಗೆ ಹಾರಿ, ಅಲ್ಲಿಂದ ಕಾಯಿಲ್‌ಗೆ ವಾಪಸ್ ಬರಬೇಕು. ಈ ಎರಡನೆಯ ದಾರಿ ಆದಷ್ಟು ಗಿಡ್ಡವಾಗಿರಬೇಕು. ಹೆಡ್‌ನಿಂದ ನೇರ ಕಾಯಿಲ್‌ಗೆ. ಆ ದಾರಿ ಕೆಟ್ಟರೆ ಕಿಡಿಯ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ. ಬೇರೆ ವೈರ್ ಹುಡುಕಿಕೊಂಡು ಹೋಗುತ್ತದೆ. ಸೆನ್ಸರ್ ವೈರ್‌ಗಳಲ್ಲಿ ಗದ್ದಲ ಏಳುತ್ತದೆ. ಕ್ರ್ಯಾಂಕ್ ಸೆನ್ಸರ್, ನಾಕ್ ಸೆನ್ಸರ್ ಸಿಗ್ನಲ್ ಕೆಡಬಹುದು. ಅದಕ್ಕೇ ಎರಡನ್ನೂ ಬೇರೆ ಇಟ್ಟಿರುತ್ತಾರೆ.

ಕಿಟ್ ಬಗ್ಗೆ: ಬೇಡ. ಹೊಸ ಕಾರಿನಲ್ಲಿ ಅರ್ಥ್ ಚೆನ್ನಾಗಿದ್ದರೆ ಇನ್ನಷ್ಟು ವೈರ್ ಹಾಕಿದರೆ ಏನೂ ಬದಲಾಗುವುದಿಲ್ಲ. ಕಾಯಿಲ್‌ಗೆ ಬೇಕಾದಷ್ಟು ಸಿಗುತ್ತಿದ್ದರೆ ಅಷ್ಟೇ. ಇಲ್ಲದ ಕಾಯಿಲೆಗೆ ಔಷಧಿ ಕುಡಿದಂತೆ ಆಗುತ್ತದೆ. ವಾರಂಟಿಗೂ ತೊಂದರೆ ಬರಬಹುದು.

ಕುಡ್ಲ ವೈರಿಂಗ್

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಎಲ್ಲ ಕಾರಿನ ಕಾಯಿಲ್ ಒಂದೇ ಥರ ಅಲ್ಲ. ಕೆಲವು ಕಾಯಿಲ್‌ಗೆ ಎರಡೇ ಪಿನ್. ಒಂದು 12 ವೋಲ್ಟ್, ಇನ್ನೊಂದನ್ನು ಇಸಿಯು ತನ್ನೊಳಗೆ ಅರ್ಥ್‌ಗೆ ಸೇರಿಸಿ ಬಿಡಿಸುತ್ತದೆ. ಅಂಥ ಕಾರಿನಲ್ಲಿ ಆ ಎರಡನೇ ವೈರ್‌ಗೆ "ಅರ್ಥ್ ಸುಧಾರಿಸುತ್ತೇನೆ" ಎಂದು ಬಾಡಿಗೆ ವೈರ್ ಕೊಟ್ಟರೆ ಕಾಯಿಲ್ ಸದಾ ಆನ್ ಆಗಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಾದು ಸುಡುತ್ತದೆ. ಎರಡು ಪಿನ್ ಕಾಯಿಲ್ ಇದ್ದವರು ನೋಡಬೇಕಾದದ್ದು ಇಸಿಯುನ ಅರ್ಥ್ ಮತ್ತು ಎಂಜಿನ್ ಅರ್ಥ್ ಪಟ್ಟಿ. ಕಾಯಿಲ್ ಹತ್ತಿರ ಮಾಡುವುದು ಏನೂ ಇಲ್ಲ.

ಶಿರಾಡಿ ಸವಾರ

ಭಾನುವಾರ ಪೂರ್ತಿ ಇದರಲ್ಲೇ ಕಳೆದೆ. ಬಲ್ಬ್ ಉರಿಯುತ್ತಿರುವಾಗ ಬಂದ ಅಳತೆಗಳು:

ಬಾಡಿಗೆ ಹೋಗುವ ಅರ್ಥ್ ಪಿನ್: 0.04 ವೋಲ್ಟ್.
ವಾಲ್ವ್ ಕವರ್‌ಗೆ ಹೋಗುವ ಅರ್ಥ್ ಪಿನ್: 0.62 ವೋಲ್ಟ್!

ಆಮೇಲೆ ಒಂದೊಂದೇ ಹೆಜ್ಜೆ ಅಳೆದೆ. ಪಿನ್ನಿಂದ ಲಗ್ ತನಕ 0.03. ಲಗ್‌ನಿಂದ ವಾಲ್ವ್ ಕವರ್‌ಗೆ (ಕೋಟಿಂಗ್ ಕೆರೆದು ಪ್ರೋಬ್ ಇಟ್ಟೆ) 0.38. ಕವರ್‌ನಿಂದ ಸಿಲಿಂಡರ್ ಹೆಡ್‌ಗೆ 0.18. ಹೆಡ್‌ನಿಂದ ಬ್ಯಾಟರಿ ಮೈನಸ್‌ಗೆ 0.03.

ಕವರ್‌ಗೂ ಹೆಡ್‌ಗೂ ಮಧ್ಯೆ ಅಷ್ಟೊಂದು ಯಾಕೆ? ಎರಡೂ ಅಲ್ಯೂಮಿನಿಯಂ ತಾನೇ?

ಕುಡ್ಲ ವೈರಿಂಗ್

ಎರಡರ ಮಧ್ಯೆ ರಬ್ಬರ್ ಗ್ಯಾಸ್ಕೆಟ್ ಇದೆಯಲ್ಲ. ಕವರ್ ಹೆಡ್‌ಗೆ ಮುಟ್ಟುವುದೇ ಇಲ್ಲ. ಸಂಪರ್ಕ ಬರೀ ನಟ್ಟು, ಸ್ಟಡ್ ಮೂಲಕ. ನಟ್ಟಿನ ಕೆಳಗೂ ಕೋಟಿಂಗ್ ಬಂದಿದೆ. ಗ್ಯಾರೇಜಿನವರು ಕೋಟಿಂಗ್‌ಗೆ ಕೊಡುವಾಗ ಆ ಜಾಗಗಳಿಗೆ ಟೇಪ್ ಹಚ್ಚಬೇಕಿತ್ತು.

ಕವರ್‌ನ ಸಹವಾಸ ಬಿಡಿ. ಅರ್ಥ್ ಅನ್ನು ನೇರ ಹೆಡ್‌ಗೆ ಕೊಡಿ. ಹೆಡ್‌ನಲ್ಲಿ ಖಾಲಿ ಎಂ6 ತೂತು ಹುಡುಕಿ, ಹೆಚ್ಚಿನ ಎಂಜಿನ್‌ಗಳಲ್ಲಿ ಒಂದಾದರೂ ಇರುತ್ತದೆ. 2.5 ಚದರ ಮಿಲಿಮೀಟರ್ ವೈರ್ ಸಾಕು. ಆದರೆ ಮನೆ ವೈರಿಂಗ್‌ನ ವೈರ್ ಹಾಕಬೇಡಿ. ಅದರ ಪಿವಿಸಿ ಸಾಮಾನ್ಯವಾಗಿ 70 ಡಿಗ್ರಿಗೆ ಮಾಡಿದ್ದು. ಟರ್ಬೊ ಪಕ್ಕದಲ್ಲಿ ಅದು ಮೆತ್ತಗಾಗಿ ಬಿರುಕು ಬಿಡುತ್ತದೆ. 125 ಡಿಗ್ರಿ ತಡೆಯುವ ಆಟೋ ವೈರ್ ಅಥವಾ ಸಿಲಿಕೋನ್ ವೈರ್ ತನ್ನಿ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಖಂಡಿತ ಸಿಗುತ್ತದೆ.

ಲಗ್ ತವರ ಲೇಪಿಸಿದ ತಾಮ್ರದ್ದು ಇರಲಿ. ಬರಿಯ ತಾಮ್ರ ಅಲ್ಯೂಮಿನಿಯಂ ಜೊತೆ ಕೂತರೆ, ನೀರು ತಾಗಿದಾಗ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿ, ಇಕ್ಕಳದಿಂದ ಜಜ್ಜಬೇಡಿ. ಬೆಸುಗೆ ಬೇಡ. ಎಂಜಿನ್ ನಡುಗುತ್ತಾ ಇರುತ್ತದೆ, ಬೆಸುಗೆ ಮುಗಿಯುವ ಜಾಗದಲ್ಲೇ ವೈರ್ ತುಂಡಾಗುತ್ತದೆ. ಮೇಲೆ ಹೀಟ್ ಶ್ರಿಂಕ್ ಹಾಕಿ. ಹೆಡ್‌ನ ಮೇಲ್ಮೈಯನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ, ನೀರು ಒಳಗೆ ಹೋಗದ ಹಾಗೆ.

ಎಂ6 ಬೋಲ್ಟ್‌ಗೆ 8–10 ನ್ಯೂಟನ್ ಮೀಟರ್ ಸಾಕು. ಅಲ್ಯೂಮಿನಿಯಂ ಥ್ರೆಡ್ ಹೋದರೆ ಹೆಡ್ ಕೆಲಸ ಮಾಡಿಸಬೇಕಾಗುತ್ತದೆ. ಕೈ ಹಗುರ ಇರಲಿ.

ಪಾಲಿಟೆಕ್ನಿಕ್ ಮೇಷ್ಟ್ರು

ಎರಡು ಅರ್ಥ್‌ಗಳನ್ನು ಒಟ್ಟು ಸೇರಿಸಿ ಒಂದೇ ಬೋಲ್ಟ್‌ಗೆ ಹಾಕುವ ಆಸೆ ಬರುತ್ತದೆ. ಹಾಕಬೇಡಿ, ಕಂಪನಿ ಇಟ್ಟ ಹಾಗೇ ಬೇರೆ ಇರಲಿ. ಸೆನ್ಸರ್‌ಗಳ ಕಂದು ವೈರ್ ಹತ್ತಿರದಲ್ಲೇ ಕಂಡರೂ ಅದಕ್ಕೆ ಸೇರಿಸಬೇಡಿ. ಅದು ಇಸಿಯುನ ಸ್ವಂತ ಅರ್ಥ್.

ಹಾಗೇ ಸ್ಟಾರ್ಟರ್ ಸುತ್ತುವಾಗ ಎಂಜಿನ್ ಬ್ಲಾಕ್‌ಗೂ ಬ್ಯಾಟರಿ ಮೈನಸ್‌ಗೂ ಮಧ್ಯೆ ಒಮ್ಮೆ ಅಳೆದುಬಿಡಿ. ಸ್ಟಾರ್ಟರ್ 150 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಆಗಲೂ 0.3 ವೋಲ್ಟ್ ಒಳಗೆ ಇದ್ದರೆ ದೊಡ್ಡ ಪಟ್ಟಿ ಚೆನ್ನಾಗಿದೆ.

ಇನ್ನೊಂದು ಮಾತು, ಇದು ಎಲ್ಲರಿಗೂ. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಹಾಗೇ ಓಡಿಸಬೇಡಿ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧಿ ಮಾಡುವ ಭಾಗ) ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕರಗುತ್ತದೆ. ಎಂಜಿನ್ ಓಡುವಾಗ ಕಾಯಿಲ್ ಎತ್ತಿ ಕಿಡಿ ನೋಡುವ ಅಭ್ಯಾಸವೂ ಬೇಡ. ಕಾಯಿಲ್‌ಗೂ ಅಪಾಯ, ನಿಮ್ಮ ಕೈಗೂ ಅಪಾಯ.

ಶಿರಾಡಿ ಸವಾರ

ಕೆಲಸ ಮುಗಿಯಿತು. ಹೆಡ್‌ನ ಹಿಂಭಾಗದಲ್ಲಿ ಖಾಲಿ ಎಂ6 ತೂತು ಸಿಕ್ಕಿತು. ವೈರ್ ಒಂದು ಗೇಣು ಉದ್ದ ಅಷ್ಟೇ. ಬಲ್ಬ್ ಪರೀಕ್ಷೆಯಲ್ಲಿ 0.62 ಇದ್ದದ್ದು 0.04ಕ್ಕೆ ಬಂತು. ಸ್ಟಾರ್ಟರ್ ಸುತ್ತುವಾಗ 0.18.

ಶುಕ್ರವಾರ ರಾತ್ರಿ ಇಳಿದೆ, ಭಾನುವಾರ ಮಧ್ಯಾಹ್ನ ಹತ್ತಿದೆ. ಗುಂಡ್ಯದಿಂದ ಮಾರನಹಳ್ಳಿ ತನಕ ಮೂರನೇ ಗೇರಿನಲ್ಲಿ ಬೇಕೆಂದೇ ಒತ್ತಿ ನೋಡಿದೆ. ಒಂದೇ ಒಂದು ಕಡೆ, ಬೂಸ್ಟ್ ತುದಿ ಮುಟ್ಟಿದಾಗ, ಸಣ್ಣ ಜರ್ಕ್ ಬಂತು. ಸ್ಕ್ಯಾನರ್‌ನಲ್ಲಿ 2ನೇ ಸಿಲಿಂಡರ್‌ದು ಮೂರು ಮಿಸ್‌ಫೈರ್ ಎಣಿಕೆ. ಕೋಡ್ ಬಂದಿಲ್ಲ. ಮೊದಲು ಇದೇ ದಾರಿಯಲ್ಲಿ ನೂರು ದಾಟುತ್ತಿತ್ತು.

ಹಳೇಬೀಡು ಹುಡುಗ

ಅಣ್ಣ, ಈಗ ಗ್ಯಾಪ್ ಅಳೆಯಿರಿ!

ಶಿರಾಡಿ ಸವಾರ

ಅಳೆದೆ ತಮ್ಮ. ನೀನು ಮೊದಲ ದಿನವೇ ಕೇಳಿದ್ದೆ. ಮೂರು ಪ್ಲಗ್ 0.8 ಮಿಲಿಮೀಟರ್ ಇದ್ದವು. 2ನೇದು 0.95 ಇತ್ತು. 1 ಬಾರ್ ಬೂಸ್ಟ್‌ಗೆ ಎಷ್ಟು ಇಡಲಿ?

ಪಾಲಿಟೆಕ್ನಿಕ್ ಮೇಷ್ಟ್ರು

ರೀಮ್ಯಾಪ್ ಆದ ಕಾರಿಗೆ ನಾಲ್ಕನ್ನೂ 0.7ಕ್ಕೆ ತನ್ನಿ. ಅದಕ್ಕಿಂತ ತುಂಬ ಕಡಿಮೆ ಮಾಡಿದರೆ ಐಡ್ಲಿಂಗ್ ಒರಟಾಗುತ್ತದೆ. ಇರಿಡಿಯಂ ಪ್ಲಗ್ ಆಗಿದ್ದರೆ ಮಧ್ಯದ ಸೂಜಿಗೆ ಒತ್ತಡ ಬೀಳಬಾರದು, ಮುರಿಯುತ್ತದೆ. ಹೊರಗಿನ ಕೊಕ್ಕೆಯನ್ನು ಮಾತ್ರ ಬಾಗಿಸಿ, ವೈರ್ ಗೇಜ್‌ನಲ್ಲಿ ಅಳೆಯಿರಿ.

ಆದರೆ ಗ್ಯಾಪ್ ಮೊದಲೇ ಕಡಿಮೆ ಮಾಡಿದ್ದರೆ ಜರ್ಕ್ ಕಡಿಮೆಯಾಗಿ, ಕೆಟ್ಟ ಅರ್ಥ್ ಹಾಗೇ ಅಡಗಿಕೊಳ್ಳುತ್ತಿತ್ತು. ಈ ಕ್ರಮದಲ್ಲಿ ಮಾಡಿದ್ದು ಒಳ್ಳೆಯದೇ ಆಯಿತು.

ಚಾಮುಂಡಿ ಬೆಟ್ಟದ ದಾರಿ

ಕಿಟ್ ಆರ್ಡರ್ ಮಾಡಲಿಲ್ಲ. ಅದರ ಬದಲು ಮಲ್ಟಿಮೀಟರ್ ಕೊಂಡೆ. ಸ್ಟಾರ್ಟರ್ ಸುತ್ತುವಾಗ ನನ್ನ ಕಾರಿನಲ್ಲಿ 0.11 ಬಂತು. ಎಲ್ಲರಿಗೂ ಧನ್ಯವಾದ.

ಕುಡ್ಲ ವೈರಿಂಗ್

0.11 ಚೆನ್ನಾಗಿದೆ ಮೇಡಂ. ಬರೆದಿಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಸವಾರರೇ, ನೀವು ಮಳೆಗಾಲ ಮುಗಿದ ಮೇಲೆ ಬಲ್ಬ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಶಿರಾಡಿಯ ಮಳೆ ಲಗ್ ಒಳಗೆ ಹೋಗಿದೆಯಾ ಇಲ್ಲವಾ ಎಂದು ಆಗ ಗೊತ್ತಾಗುತ್ತದೆ.

ಶಿರಾಡಿ ಸವಾರ

ಮಳೆ ನಿಂತು ಎರಡು ವಾರವಾಯಿತು. ಇವತ್ತು ಅಳೆದೆ: 0.05. ಬೋಲ್ಟ್ ಬಿಚ್ಚಿ ನೋಡಿದೆ, ಲಗ್ ಕೆಳಗೆ ಹೆಡ್ ಇನ್ನೂ ಹೊಳೆಯುತ್ತಿದೆ. ಹೊಸ ಗ್ರೀಸ್ ಹಚ್ಚಿ ಕಟ್ಟಿದ್ದೇನೆ. ಗ್ಯಾಪ್ 0.7 ಮಾಡಿದ ಮೇಲೆ ಘಟ್ಟ ಎಂಟು ಸಲ ಹತ್ತಿದ್ದಾಯಿತು. ಮಿಸ್‌ಫೈರ್ ಎಣಿಕೆ ಸೊನ್ನೆ. ಮೊನ್ನೆ ಅಮ್ಮ ಏರಿನಲ್ಲಿ ನಿದ್ದೆ ಮಾಡಿದರು.